ಛತ್ರದ ಗೋಡೆಬಣ್ಣದ ವೆಬ್‌ಸೈಟು

ಚಿತ್ರವನ್ನು ಪೇಜಿನ ಬಣ್ಣಕ್ಕೆ ಗೆರೆ ಕಾಣದಂತೆ ಹೊಂದಿಸುವುದು ನನ್ನ ಕಸುಬು. ಅದನ್ನು ಕೆಡಿಸುವುದು ಊರವರ ಹವ್ಯಾಸ. ನಂಜನಗೂಡಿನಲ್ಲಿ ವೆಬ್‌ಸೈಟ್ ಮಾಡಿಕೊಡುವ ಅಂಗಡಿ ತೆರೆದಾಗಿನಿಂದ ಇಂಥದ್ದು ಒಂದಲ್ಲ ಒಂದು ನಡೀತಾನೇ ಇದೆ. ಆದರೆ ಟಿ. ನರಸೀಪುರದ ಮದುವೆ ಛತ್ರದ ಯಜಮಾನರು ತಿಂದಷ್ಟು ನನ್ನ ತಲೆಯನ್ನು ಇನ್ಯಾರೂ ತಿಂದಿಲ್ಲ ಬಿಡಿ.

ಅವರ ಛತ್ರದ ಎದುರಿಗೇ ಹೊಸ ಎ.ಸಿ. ಹಾಲ್ ಎದ್ದಿತ್ತು. ಆಷಾಢವಿಡೀ ಮನೆಯಲ್ಲಿ ಮಾತುಕತೆ ಮುಗಿಸಿಕೊಂಡ ಬೀಗರು ಶ್ರಾವಣ ಹುಟ್ಟುತ್ತಲೇ ಛತ್ರ ಹಿಡಿಯೋಕೆ ಓಡುತ್ತಾರೆ.

"ಅಷ್ಟ್ರೊಳ್ಗೆ ನಮ್ದು ಮೊಬೈಲ್‌ನಲ್ಲಿ ಕಾಣ್ಬೇಕು ಕಣವ್ವಾ. ಈ ಶ್ರಾವಣ್ದಲ್ಲೂ ಬುಕಿಂಗ್ ಬರ್ನಿಲ್ಲ ಅಂದ್ರೆ ಛತ್ರಾನ ಭತ್ತದ ಗೋಡೌನ್ ಮಾಡ್ಬೇಕಾಯ್ತದೆ" ಅಂದರು.

ಪಾಪ ಅನ್ನಿಸಿ ಒಪ್ಪಿಕೊಂಡೆ. ನನಗೆ ಬುದ್ಧಿ ಇಲ್ಲ.

ಗೋಡೆಯ ಚಕ್ಕೆ

ಪೇಜಿಗೆ ಛತ್ರದ ಗೋಡೆಬಣ್ಣವೇ ಬೇಕಂತೆ.

"ಕೆನೆಬಣ್ಣ ತಾನೇ ಸಾರ್?" ಅಂದೆ.

"ಯಾವ್ ಕೆನೆ? ಎಮ್ಮೇದಾ, ಅಸೂದಾ?"

ಗೋಡೆಬಣ್ಣದ ಮಾದರಿ ಏನಾದರೂ ಕಳಿಸಿ ಅಂದೆ. ಮಾರನೇ ದಿನ ಬಸ್ ಕಂಡಕ್ಟರ್ ಕೈಲಿ ಒಂದು ಪೊಟ್ಟಣ ಬಂತು. ಬಿಚ್ಚಿದರೆ ಗೋಡೆಯಿಂದಲೇ ಕಿತ್ತ ಗಾರೆ ಚಕ್ಕೆ! ಅದನ್ನು ಸ್ಕ್ರೀನಿಗೆ ಆನಿಸಿ ಹಿಡಿದು, ಕಣ್ಣು ಮಂಜಾಗುವ ತನಕ ಬಣ್ಣ ಹೊಂದಿಸಿ, ಪೇಜ್ ಕಳಿಸಿದೆ. ಫೋನ್ ಬಂತು.

"ಬಣ್ಣ ಅಚ್ಚು ಒತ್ದಂಗದೆ ಕಣವ್ವಾ. ಆದ್ರೆ ಚಕ್ಕೆ ಕಿತ್ತಿದ್ಕೆ ಗೋಡೆ ಅಸಹ್ಯ ಕಾಣ್ತಿತ್ತು. ಇವತ್ತು ಪೇಂಟ್‌ನವ್ರನ್ನ ಕರ್ಸಿ ಪೂರಾ ಬ್ಯಾರೆ ಬಣ್ಣ ಒಡಿಸ್ತಾ ಇವ್ನಿ."

ಕಳಶದ ಅಂಚು

ಗೋಡೆ ಬದಲಾದರೂ ಪೇಜು ಕೆನೆಬಣ್ಣದಲ್ಲೇ ಇರಲಿ ಅಂದರು. ಆಮೇಲೆ ಪೇಜಿನ ತಲೆಗೆ ಹಾಕೋಕೆ ಅವರು ಕಳಿಸಿದ ಕಳಶದ ಚಿತ್ರ. ಸುತ್ತಲೂ ಬಿಳೀ ಚೌಕ. ಕೆನೆಬಣ್ಣದ ಪೇಜಿಗಿಟ್ಟರೆ ಹಳೇ ಸೀರೆಗೆ ತೇಪೆ ಹಾಕಿದ ಹಾಗಿತ್ತು. ಬಿಳಿಯನ್ನೆಲ್ಲ ಕತ್ತರಿಸಿ ಕಳಶ ಮಾತ್ರ ಉಳಿಸಿದೆ. ಹತ್ತು ನಿಮಿಷಕ್ಕೆ ಯಜಮಾನರ ಕೂಗು.

"ಏನವ್ವಾ, ಪೇಜೆಲ್ಲಾ ಕಪ್ಪಗದೆ! ಶುಭಕಾರ್ಯದ ಛತ್ರ ಕಣವ್ವಾ!"

"ಸಾರ್, ಪೇಜ್ ಕಪ್ಪಿಲ್ಲ. ನಿಮ್ಮ ಫೋನಲ್ಲಿ ಯಾರೋ ಡಾರ್ಕ್ ಮೋಡ್ ಹಾಕಿದ್ದಾರೆ. ತೆಗೆಸಿ."

"ನಂದು ತೆಗೆಸ್ತೀನಿ. ಊರೋರ್ದೆಲ್ಲಾ ಎಂಗ್ ತೆಗೆಸ್ಲಿ?"

ಮಾತು ನ್ಯಾಯವಾದದ್ದೇ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಅದೂ ಅಲ್ಲದೆ ಕಪ್ಪಿನ ಮೇಲೆ ನಾನು ಕತ್ತರಿಸಿದ್ದ ಕಳಶದ ಸುತ್ತ ಬಿಳೀ ಅಂಚು ಎದ್ದು ಕಾಣುತ್ತಿತ್ತು. ಯಾರ ಫೋನಲ್ಲೂ ಪೇಜ್ ಕಪ್ಪಾಗದ ಹಾಗೆ ಮಾಡಿ, ಆ ಅಂಚನ್ನೂ ಒಂದೊಂದೇ ಚುಕ್ಕಿ ಅಳಿಸಿ ಕಳಿಸಿದೆ.

"ಎಲ್ಲಾ ಸರಿ. ಆ ಬಿಳೀ ಅಂಚ್ ಯಾಕವ್ವಾ ತಗ್ದೆ? ದ್ಯಾವ್ರ ಬೆಳಕು ಅಂತ ನಮ್ಮನೆಯವ್ಳು ಕೈ ಮುಗ್ದಿದ್ಲು!"

ಕರಗಿದ ಯಜಮಾನರು

ಕೊನೆಗೆ ಅವರದೇ ಫೋಟೋ. ಹಿಂದೆ ನೀರಿನ ಟ್ಯಾಂಕು, ಪಕ್ಕದಲ್ಲಿ ಸ್ಕೂಟರು.

"ಅವೆಲ್ಲಾ ತಗ್ದು ನನ್ನ ಪೇಜ್‌ನೊಳ್ಗೆ ಕರಗಿಸ್ಬುಡು. ಎಲ್ ಶುರು, ಎಲ್ ಮುಗೀತು ಗೊತ್ತಾಗ್ಬಾರ್ದು."

ಬಿಳೀ ಶರ್ಟು, ಬಿಳೀ ಪಂಚೆ ಕೆನೆಬಣ್ಣಕ್ಕೆ ಹೊಂದಲೇ ಇಲ್ಲ. ಹಾಗಾಗಿ ಮುಖ ಮಾತ್ರ ಇಟ್ಟುಕೊಂಡು, ಸುತ್ತ ಅಂಚನ್ನು ಮಂಜು ಮಂಜಾಗಿ ಪೇಜಿನ ಬಣ್ಣಕ್ಕೆ ಬೆರೆಸಿದೆ. ಅವರ ಹೆಂಡತಿ ಸುತ್ತ ಹೂವಿನ ಬಳ್ಳಿ ಬೇಕು ಅಂದರು, ಹಾಕಿದೆ. ಯಜಮಾನರು 'ಸರಳ ಜೀವಿ, ಕೊಡುಗೈ ದಾನಿ' ಅಂತ ಬರೆಯೋಕೆ ಹೇಳಿದರು, ಬರೆದೆ. ನನ್ನ ಕೆಲಸಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಶ್ರಾವಣದ ಮೊದಲ ದಿನ ಪೇಜನ್ನು ಇಂಟರ್ನೆಟ್ಟಿಗೆ ಬಿಟ್ಟೆವು.

ಮಾರನೇ ಬೆಳಿಗ್ಗೆ ಯಜಮಾನರ ಹೆಂಡತಿಯ ಫೋನು.

"ಏನ್ ಮಾಡ್ಬುಟ್ಟೆ ತಾಯಿ! ಬದುಕಿರೋರ್ನ ಸಾಯ್ಸ್‌ಬುಟ್ಟಲ್ಲಾ! ಬಾಗ್ಲ ತುಂಬ ಜನ ಊವಿನ ಆರ ಇಡ್ಕಂಡು ನಿಂತವ್ರೆ!"

ಆಗ ಪೇಜನ್ನು ಇನ್ನೊಮ್ಮೆ ನೋಡಿದೆ. ಅಯ್ಯೋ ರಾಮ! ಮಂಜಿನಲ್ಲಿ ಕರಗಿದ ಮುಖ, ಸುತ್ತ ಹೂವು, ಕೆಳಗೆ ಕೊಡುಗೈ ದಾನಿ. ನಮ್ಮ ಕಡೆ ಬಸ್‌ಸ್ಟ್ಯಾಂಡಿನಲ್ಲಿ ಕಟ್ಟೋ ಭಾವಪೂರ್ಣ ಶ್ರದ್ಧಾಂಜಲಿ ಫ್ಲೆಕ್ಸು ಇನ್ನು ಹೇಗಿರುತ್ತೆ? ಯಾರೋ ಪುಣ್ಯಾತ್ಮ ಅದನ್ನು 'ಓಂ ಶಾಂತಿ' ಅಂತ ಊರಿನ ಗ್ರೂಪಿಗೆಲ್ಲ ಹಾಕಿದ್ದ.

ಸೂತಕದ ಸುದ್ದಿ ಹಬ್ಬಿದ ಮೇಲೆ ಆ ಛತ್ರದಲ್ಲಿ ಯಾರು ಮದುವೆ ಇಟ್ಟಾರು? ಮುಗೀತು, ಭತ್ತದ ಗೋಡೌನೇ ಗತಿ.

"ಈಗಲೇ ತೆಗೀತೀನಿ ಅಮ್ಮಾ, ಈ ಕ್ಷಣವೇ" ಅಂತ ಮೌಸ್ ಹಿಡಿದೆ. ಅಷ್ಟರಲ್ಲಿ ಯಜಮಾನರು ಫೋನ್ ಕಿತ್ತುಕೊಂಡರು.

"ಏ, ಮುಟ್ಬ್ಯಾಡ! ಅಳ್ತಾ ಬಂದೋರು ನಾನು ಗುಂಡ್ಕಲ್ಲಂಗೆ ಕೂತಿರಾದ್ ನೋಡಿ ನಾಚ್ಕಂಡ್ರು. ಕಾಪಿ ಕೊಟ್ಟು ಛತ್ರ ತೋರಿಸ್ದೆ. ಸುಮ್ನೆ ಎದ್ದೋಗಾಕೆ ಮುಜುಗರ ಆಗಿ ಮದ್ವೆ, ನಾಮಕರಣ ಅಂತ ಬುಕ್ ಮಾಡ್ತಾವ್ರೆ!"

"ಮತ್ತೆ ಆ ಫೋಟೋ ಸಾರ್?"

"ಇರ್ಲಿ ಬುಡವ್ವಾ. ಮೈಸೂರ್ ಕಡೆ ನೆಂಟ್ರು ಇನ್ನೂ ಬರ್ಬೇಕು."