ಮೂರು ತಾಸಿನ ಹಾದಿ, ಮನೆ ತುಂಬ ಕಸ

ನಮ್ಮ ಚಿನ್ನು ನಮ್ಮ ಮನೆಯ ನೆಲದ ಮೇಲೆ ಅಂಬೆಗಾಲಿಟ್ಟಳು! ಮೊದಲು ಈ ಸುದ್ದಿ ಕೇಳಿಬಿಡಿ, ಉಳಿದದ್ದು ಆಮೇಲೆ. ಅವಳು ನನ್ನ ಮೊಮ್ಮಗಳು, ಗುವಾಹಟಿಯಲ್ಲಿ ಹುಟ್ಟಿದವಳು. ಮಗಳ ಬಾಣಂತನಕ್ಕೆ ಹೋಗಬೇಕೆಂದರೆ ಅದೇ ಹೊತ್ತಿಗೆ ನನ್ನ ಮೊಣಕಾಲಿನ ಆಪರೇಷನ್ ಬಂತು. ಹೀಗಾಗಿ ಇಷ್ಟು ದಿನ ಕೂಸನ್ನು ಫೋನಿನಲ್ಲೇ ಮುದ್ದಾಡಿದ್ದು. ಮುತ್ತು ಕೊಟ್ಟು ಕೊಟ್ಟು ಫೋನಿನ ಗಾಜು ಮಬ್ಬಾಗಿತ್ತು.

ಗುವಾಹಟಿ ಎಷ್ಟು ದೂರ ಎಂದರೆ ಬೇರೆಯವರು ಮೈಲಿ ಹೇಳುತ್ತಾರೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನಾನು ಕಸದ ಲೆಕ್ಕ ಹೇಳುತ್ತೇನೆ. ಊರಿಗೆ ಹೊರಟವರು ಮುಟ್ಟುವ ತನಕ ಮನೆ ಗುಡಿಸಬಾರದು ಎಂಬುದು ನಮ್ಮ ಅತ್ತೆಯವರ ಕಟ್ಟಪ್ಪಣೆ. ಬೀದರಿಗೆ ಹೋದವರಾದರೆ ಮಧ್ಯಾಹ್ನಕ್ಕೇ ಕಸಬರಿಗೆ ಹಿಡಿಯಬಹುದು. ಮಗಳು ಸುಮಾ ಮದುವೆಯಾಗಿ ರೈಲಿನಲ್ಲಿ ಗುವಾಹಟಿಗೆ ಹೊರಟಾಗ ಮಾತ್ರ ಅಕ್ಷತೆ, ಹೂವಿನ ಎಸಳು, ಚುರಮುರಿ ಎಲ್ಲ ನಮ್ಮ ಕಾಲಿಗೆ ಅಂಟಿಕೊಂಡು ಮನೆ ತುಂಬ ಓಡಾಡಿದವು. ರೈಲು ಬಂಗಾಳದಲ್ಲೆಲ್ಲೋ ನಿಂತರೆ ಹೈದರಾಬಾದಿನ ಕುಷಾಯಿಗೂಡದ ನಮ್ಮ ಮನೆಗೆ ಇರುವೆ ಬಂದವು.

ಈ ಸಲ ಸುಮಾ, ಅಳಿಯಂದಿರು ಕೂಸನ್ನು ಕರೆದುಕೊಂಡು ಬರುವುದು ವಿಮಾನದಲ್ಲಿ. ಮೂರೇ ತಾಸಂತೆ. ಅದೂ ಬರುವಾಗ ಎದುರುಗಾಳಿ, ಹೋಗುವಾಗ ಇನ್ನೂ ಜಲ್ದಿಯಂತೆ. ಹೋಗುವುದು ಯಾಕೆ ಜಲ್ದಿಯಾಗಬೇಕು ಹೇಳಿ? ಆ ಗಾಳಿಗೆ ಮೊಮ್ಮಕ್ಕಳಿಲ್ಲ, ಅಷ್ಟೇ!

ಹಿಂದಿನ ದಿನವೆಲ್ಲ ಚಕ್ಕುಲಿ, ಉಂಡಿ ಎಂದು ಹಿಟ್ಟು ಚೆಲ್ಲಾಡಿದ್ದೆ. ದೀಪ ಹಚ್ಚಿದ ಮೇಲೆ ಗುಡಿಸುವಂತಿಲ್ಲ. ಬೆಳಿಗ್ಗೆ ಎದ್ದರೆ ಅವರು ನಸುಕಿನಲ್ಲೇ ಮನೆ ಬಿಟ್ಟಾಗಿದೆ! ಗುಡಿಸಿದರೆ ಆಕಾಶದಲ್ಲಿರುವ ಕೂಸಿನ ಗತಿಯೇನು? ಗುಡಿಸದಿದ್ದರೆ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸು ಅದರದು.

"ವಿಮಾನ ಇಳಿದ ಮ್ಯಾಲ ಗುಡಸು," ಎಂದರು ನಮ್ಮ ಯಜಮಾನರು. ನಾಚಾರಂನ ಕಾರ್ಖಾನೆಯಲ್ಲಿ ದುಡಿದವರು, ಎಲ್ಲದಕ್ಕೂ ಒಂದು ಹಿಕಮತ್ತು ಅವರ ಹತ್ತಿರ ಇರುತ್ತದೆ.

"ಇಳಿದ್ರ ಮನಿ ಮುಟ್ಟಿದಂಗ ಆತೇನ್ರಿ? ಶಂಶಾಬಾದ್ ಏರ್‌ಪೋರ್ಟ್ ಏನ್ ನಮ್ಮ ಮಗ್ಗುಲಾಗ ಐತಿ?"

"ಹಂಗಾರ ಬಾಗಲಾಗ ಬಂದು ನಿಂತ ಮ್ಯಾಲ ಗುಡಸು. ಅಳಿಯಂದ್ರ ಮಾರಿ ಮ್ಯಾಲ ಧೂಳ ಹಾರ್ಲಿ!"

ಕೊನೆಗೆ ಹೈದರಾಬಾದಿನ ನೆಲ ಮುಟ್ಟಿದರೆ ಸಾಕು, ಅತ್ತೆಯವರು ಮೇಲಿನಿಂದ ಮಾಫ್ ಮಾಡುತ್ತಾರೆ ಎಂದು ರಾಜಿಯಾದೆವು. "ಅವ್ವಾ, ಇಳಿದ್ವಿ" ಎಂದು ಸುಮಾಳ ಫೋನ್ ಬಂದದ್ದೇ ತಡ, ಸೆರಗು ಸಿಕ್ಕಿಸಿದೆ. ನಾನು ಮುಂದೆ ಗುಡಿಸುತ್ತ, ಯಜಮಾನರು ಹಿಂದೆ ಒರೆಸುತ್ತ.

"ಹಗೂರಕ ಮಾಡು. ಟ್ರಾಫಿಕ್ಕಿನಾಗ ಸಿಕ್ಕೊಂಡು ಆರಾಮ ಬರ್ತಾರ," ಎಂದರು.

ಎಂದೂ ಖಾಲಿಯಿರದ ರಸ್ತೆ ಅಂದೇ ಖಾಲಿಯಿರಬೇಕೆ! ಕಸವನ್ನೆಲ್ಲ ನಡುಮನೆಯಲ್ಲಿ ಗುಡ್ಡೆ ಹಾಕಿ ಮೊರ ತರಬೇಕು, ಅಷ್ಟರಲ್ಲಿ ಅವರು ಒಳಗೇ ಬಂದರು. ಸುಮಾ ಕೂಸನ್ನು ಕೆಳಗೆ ಬಿಟ್ಟಳು.

"ಅಲ್ಲಿ ಬ್ಯಾಡವಾ!" ಎಂದು ನಾನು ಕೂಗುವುದರೊಳಗೆ ಚಿನ್ನು ಕಸದ ಗುಡ್ಡೆಯ ನಡುವಿನಿಂದಲೇ ಹಾದು, ಮೊಣಕಾಲಿಗೆಲ್ಲ ಹಿಟ್ಟು ಬಳಿದುಕೊಂಡು, ಸೀದಾ ಬಂದು ನನ್ನ ನೆರಿಗೆ ಹಿಡಿದಳು. ಹೊಸಬರನ್ನು ಕಂಡರೆ ಅಳುತ್ತಾಳೆ ಎಂದು ಹೆದರಿಸಿದ್ದರು. ಎರಡು ಹಲ್ಲು ತೋರಿಸಿ ನಕ್ಕಳು! ಅತ್ತದ್ದು ನಾನು.

"ಇಷ್ಟೊತ್ತನಕ ಗುಡಿಸಿಲ್ಲೇನವ್ವಾ?" ಎಂದು ಸುಮಾ ನಕ್ಕಳು.

"ಗುಡಸಿದ್ರ ನೀ ಬರೋಬ್ಬರಿ ಬಂದು ಮುಟ್ಟತಿದ್ದೇನು?" ಎಂದು ಗದರಿಸಿ ಕೂಸನ್ನೆತ್ತಿಕೊಂಡೆ.

ಮಧ್ಯಾಹ್ನ ಎಲ್ಲರೂ ನೆಲದ ಮೇಲೇ ಸುತ್ತ ಕೂತು ಉಂಡೆವು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಅನ್ನ. ಚಿನ್ನು ಒಂದೊಂದು ತಾಟಿಗೂ ಕೈಹಾಕಿ ಅಗುಳನ್ನೆಲ್ಲ ಮನೆಗೆ ಹಂಚಿದಳು.

"ಈಗ ದಾರ್ಯಾಗ ಯಾರೂ ಇಲ್ಲ. ಗುಡಸಾಕ ಏನೂ ಅಡ್ಡಿ ಇಲ್ಲ ನೋಡು," ಎಂದರು ಯಜಮಾನರು.

"ಸುಮ್ನ ಉಣ್ರಿ," ಎಂದು ಕೂಸಿನ ಬಾಯಿಗೆ ಒಂದು ತುತ್ತು ಇಟ್ಟೆ. ಅರ್ಧ ನೆಲಕ್ಕೆ ಉಗುಳಿತು. ನಾನು ಇನ್ನೊಂದು ತುತ್ತು ಕಲೆಸಿದೆ.