ಹೆಬ್ಬೆರಳಿಗೆ ಸಿಗದ ಎರಡು ತೊಲೆ

ಹೆಂಡತಿ ಬೇಡವೆಂದ ಕೆಲಸವನ್ನೇ ಮಾಡಿ, ಅದು ಕೆಟ್ಟ ಮೇಲೆ ಆಕೆಯ ಎದುರು ಕೂತು ಊಟ ಮಾಡುವುದು ಬಹಳ ಕಷ್ಟ. ಬೈದರೆ ಹೇಗೋ ತಡೆದುಕೊಳ್ಳಬಹುದು. ನಮ್ಮ ಶಾಂತಾ ಬೈಯುವುದಿಲ್ಲ, ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತಾಳೆ. ಆ ರೊಟ್ಟಿಯ ಭಾರ ಹೊತ್ತವರಿಗೇ ಗೊತ್ತು. ಕಳೆದ ವರ್ಷ ನಾನು ಅಂಥ ರೊಟ್ಟಿಗಳನ್ನು ಬಹಳಷ್ಟು ತಿಂದಿದ್ದೇನೆ, ಕಾರಣ ಬಂಗಾರ.

ಶಹಾಬಾದಿನಲ್ಲಿ ನನ್ನದೊಂದು ಸಣ್ಣ ಅಂಗಡಿ, ನೆಲಕ್ಕೆ ಹಾಸುವ ಫರಸಿಕಲ್ಲಿನದು. ತಂಗಿ ಗೌರಮ್ಮನನ್ನು ಸೇಡಂಗೆ ಕೊಟ್ಟಿದ್ದೇವೆ. ಆಕೆಯ ಮಗಳು ಅಂಬಿಕಾ ಹುಟ್ಟಿದ ದಿನವೇ, ಈಕೆಯ ನಿಶ್ಚಯಕ್ಕೆ ಎರಡು ತೊಲೆ ನನ್ನದು ಎಂದು ನಾಲ್ಕು ಜನರ ಮುಂದೆ ಹೇಳಿಬಿಟ್ಟಿದ್ದೆ. ಆಗ ಬಂಗಾರದ ಧಾರಣೆ ಮನುಷ್ಯರು ಮಾತಾಡುವಂತಿತ್ತು. ಈಗ ಅದರ ಹೆಸರು ಹೇಳುವಾಗಲೂ ಬಾಯಿ ಒಣಗುತ್ತದೆ. ಆದರೂ ಸೋದರಮಾವ ಆಡಿದ ಮಾತು ತಪ್ಪಿದರೆ ತಂಗಿ ಬೀಗರ ಎದುರು ತಲೆ ಎತ್ತಿ ನಿಲ್ಲುವುದು ಹೇಗೆ? ಹಾಗಾಗಿ ಹೋದ ವರ್ಷದಿಂದ ಸ್ವಲ್ಪ ಸ್ವಲ್ಪವಾಗಿ ಕೊಳ್ಳತೊಡಗಿದೆ. ಬಂಗಾರದ ಕೆಲಸದ ಪತ್ತಾರನ ಬಳಿಯಲ್ಲ, ಫೋನಿನಲ್ಲಿ.

ಇದು ನನ್ನ ಬುದ್ಧಿವಂತಿಕೆ. ಫೋನಿನ ಬಂಗಾರಕ್ಕೆ ಮಜೂರಿ ಇಲ್ಲ, ಸವಕಳಿ ಇಲ್ಲ, ಕಳ್ಳರ ಭಯವಿಲ್ಲ. ಒಂದು ಲೋಡು ಕಲ್ಲು ಹೋಯಿತೆಂದರೆ ಬೆರಳು ಒತ್ತಿದೆ, ಕಂಪನಿಯ ಖಜಾನೆಯಲ್ಲಿ ನನ್ನ ಹೆಸರಿಗೆ ಅರ್ಧ ಗ್ರಾಂ ಬಂತು. ಇದನ್ನೆಲ್ಲ ಶಾಂತಾಳಿಗೆ ಮೇಷ್ಟರ ಹಾಗೆ ವಿವರಿಸಿದೆ. ಆಕೆ ಹಿಟ್ಟು ನಾದುತ್ತ ಕೇಳಿಸಿಕೊಂಡಳು.

“ಕೊಳ್ಳಾಗ ಹಾಕ್ಕೊಳ್ಳಾಕ ಬರಂಗಿಲ್ಲ, ಕೈಯಾಗ ಹಿಡಿಯಾಕ ಬರಂಗಿಲ್ಲ. ಅದಕ್ಕ ಬಂಗಾರ ಅಂತ ಯಾಕ ಅಂತೀರಿ?” ಅಂದಳು.

“ನಿನಗ ಮಾರ್ಕೆಟ್ ತಿಳಿಯಂಗಿಲ್ಲ ಬಿಡು” ಅಂದೆ. ಅಂದು ರಾತ್ರಿಯೂ ಇನ್ನೊಂದು ರೊಟ್ಟಿ ಬಂತು.

ಧಾರಣೆ ಏರಿದ ದಿನ ನಾನು ಅಂಗಡಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದೆ. ಇಳಿದ ದಿನ ಗಿರಾಕಿಗಳ ಮೇಲೆ ಸಿಟ್ಟು ಮಾಡುತ್ತಿದ್ದೆ. ಕೋಡ್ಲಾದಿಂದ ಕಲ್ಲು ಕೊಳ್ಳಲು ಬಂದ ಒಬ್ಬನಂತೂ, ಸಾವಕಾರಗ ಮೈಯಾಗ ಆರಾಮಿಲ್ಲೇನು ಎಂದು ನಮ್ಮ ಹಮಾಲನನ್ನು ಕೇಳಿ ಹೋದನಂತೆ. ಅಂತೂ ಎರಡು ತೊಲೆ ತುಂಬಿತು, ಅಂಬಿಕಾಳ ನಿಶ್ಚಯವೂ ಗೊತ್ತಾಯಿತು. ಹದಿನೈದು ದಿನ ಮೊದಲೇ, ನನ್ನ ಬಂಗಾರ ಕೊಡಿ ಎಂದು ಕಂಪನಿಗೆ ಫೋನಿನಲ್ಲೇ ಕೋರಿಕೆ ಕಳಿಸಿದೆ.

ದುಡ್ಡು ತೊಗೊಳ್ಳುವಾಗ ಏನೂ ಕೇಳದ ಕಂಪನಿ ಕೊಡುವಾಗ ನಾನು ನಾನೇ ಹೌದೋ ಅಲ್ಲವೋ ಎಂದು ಕೇಳಿತು. ಅದಕ್ಕೊಂದು ಓಟಿಪಿ ಬರಬೇಕು. ಅದು ಆಧಾರ್‌ನಲ್ಲಿದ್ದ ಹಳೆಯ ನಂಬರಿಗೆ ಹೋಗುತ್ತಿತ್ತು. ಆ ಸಿಮ್ಮು ಕಳೆದು ಎಷ್ಟೋ ಕಾಲವಾಗಿದೆ. ನಂಬರು ಬದಲಿಸಲು ವಾಡಿಯ ಆಧಾರ್ ಕೇಂದ್ರಕ್ಕೆ ಹೋದೆ. ಅಲ್ಲಿದ್ದವನು ನನ್ನ ಹೆಬ್ಬೆರಳನ್ನು ಗಾಜಿನ ಮೇಲೆ ಒತ್ತಿಸಿದ, ಒರೆಸಿ ಒತ್ತಿಸಿದ, ತಾನೇ ಹಿಡಿದು ಒತ್ತಿದ. ಕೊನೆಗೆ ಬೆರಳನ್ನು ಬೆಳಕಿಗೆ ಹಿಡಿದು ನೋಡಿ, “ಅಣ್ಣಾ, ಇದರಾಗ ಗೆರಿನೇ ಇಲ್ಲಲ್ಲ” ಅಂದ.

ಇರುವುದಾದರೂ ಹೇಗೆ? ಹತ್ತು ವರ್ಷದವನಿದ್ದಾಗಿನಿಂದ ಕಲ್ಲು ಉಜ್ಜಿದ ಕೈ. ಊರೂರಿನ ಮನೆಗಳಿಗೆ ನುಣುಪಾದ ನೆಲ ಕೊಟ್ಟ ಕಲ್ಲು ನನ್ನ ಬೆರಳನ್ನೂ ಅಷ್ಟೇ ನುಣುಪು ಮಾಡಿತ್ತು. ಕಣ್ಣಿನ ಮಷೀನು ಇತ್ತು, ಅದು ಕೆಟ್ಟಿತ್ತು. ಕೇಂದ್ರದವನು, ಕೊಬ್ಬರಿ ಎಣ್ಣೆ ಹಚ್ಚಿ, ವಾರದ ಮಟ್ಟಿಗೆ ಕಲ್ಲು ಮುಟ್ಟಬೇಡಿ ಅಂದ. ನಾನು ಕೈಗೆ ಚೀಲ ಕಟ್ಟಿಕೊಂಡು ಮದುಮಗನ ಹಾಗೆ ವಾರಪೂರ್ತಿ ಅಂಗಡಿಯಲ್ಲಿ ಕೂತೆ. ಗೆರೆ ಹುಟ್ಟಲಿಲ್ಲ. ಕಂಪನಿಗೆ ಫೋನು ಮಾಡಿದರೆ ಒಬ್ಬ ಹುಡುಗಿ ದಿನಾ ಜೇನಿನಂಥ ದನಿಯಲ್ಲಿ, “ನಿಮ್ಮ ಕೋರಿಕೆ ಪರಿಶೀಲನೆಯಲ್ಲಿದೆ ಸರ್” ಎನ್ನುತ್ತಿದ್ದಳು. ಮನೆಯಲ್ಲಿ ಹೇಳಲು ಮುಖವಿರಲಿಲ್ಲ. ಇಂದು ಬಂದೀತು, ನಾಳೆ ಬಂದೀತು ಎನ್ನುವುದರಲ್ಲಿ ನಿಶ್ಚಯದ ದಿನವೇ ಬಂತು.

ಆಗ ನಾನು ಮಾಡಿದ್ದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಫೋನಿನಲ್ಲಿ ಎರಡು ತೊಲೆ ಕಾಣುವ ಪುಟವನ್ನು ಝೆರಾಕ್ಸ್ ಅಂಗಡಿಯಲ್ಲಿ ಬಣ್ಣದಲ್ಲಿ ತೆಗೆಸಿ, ಲ್ಯಾಮಿನೇಶನ್ ಮಾಡಿಸಿ, ಅಂಗಿಯೊಳಗೆ ಇಟ್ಟುಕೊಂಡು ಶಾಂತಾಳ ಜೊತೆ ಸೇಡಂ ರೈಲು ಹತ್ತಿದೆ.

ನಮ್ಮ ಮಂದಿಯಲ್ಲಿ ಸೋದರಮಾವ ತಂದ ಬಂಗಾರವನ್ನು ತಾಟಿನಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ಹಿರಿಯ ಹೆಂಗಸರ ಕೈಯಿಂದ ಕೈಗೆ ದಾಟಿಸುತ್ತಾರೆ. ಪ್ರತಿಯೊಬ್ಬರೂ ಅಂಗೈಯಲ್ಲಿಟ್ಟು ಸ್ವಲ್ಪ ತೂಗಿ ನೋಡುತ್ತಾರೆ. ಗೌರಮ್ಮ ಕಣ್ಣಲ್ಲೇ ನಗುತ್ತ ತಾಟು ಹಿಡಿದು ನನ್ನ ಮುಂದೆ ನಿಂತಳು. ನಾನು ಕಾಗದ ಇಟ್ಟೆ. ಅವಳ ನಗು ಹಾಗೆಯೇ ನಿಂತುಬಿಟ್ಟಿತು. ನನ್ನ ಜೀವ ಅಲ್ಲೇ ಅರ್ಧ ಹೋಯಿತು.

ತಾಟು ಮೊದಲು ಹೋಗಿದ್ದು ಗುಂಡಗುರ್ತಿಯಿಂದ ಬಂದ ವರನ ಅಜ್ಜಿಯ ಬಳಿ. ಮುದುಕಿ ಕಾಗದಕ್ಕೂ ಪದ್ಧತಿಯಂತೆ ಕುಂಕುಮ ಹಚ್ಚಿದಳು, ಅಂಗೈಯಲ್ಲಿಟ್ಟು ತೂಗಿದಳು, ತಿರುವಿ ನೋಡಿದಳು.

“ಬಂಗಾರ ಎಲ್ಲಿ ಅದಪ್ಪ?”

“ಕಂಪನಿ ಖಜಾನ್ಯಾಗ ಅದಬೇ.”

“ನೀ ನೋಡೀಯೇನು?”

“ಇಲ್ಲ.”

“ನಿನ್ನಂಗ ಎಷ್ಟು ಮಂದಿ ಇಟ್ಟಾರ?”

“ಭಾಳ ಮಂದಿಬೇ. ಲಕ್ಷಗಟ್ಟಲೆ.”

“ಅಷ್ಟೂ ಮಂದಿ ಒಂದೇ ದಿನ ಹೋಗಿ ಬಾಗಿಲ ಬಡದ್ರ, ಎಲ್ಲಾರಿಗೂ ಕೊಡುವಷ್ಟು ಒಳಗ ಅದ ಏನು?”

ವರ್ಷಪೂರ್ತಿ ಬಂಗಾರದ ವಿಡಿಯೋ ನೋಡಿದ ನನಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಶಾಲೆಗೇ ಹೋಗದ ಮುದುಕಿ ನಾಲ್ಕೇ ಮಾತಿನಲ್ಲಿ ಅಲ್ಲಿಗೆ ಮುಟ್ಟಿದ್ದಳು. ಅಂಬಿಕಾ ತಲೆ ತಗ್ಗಿಸಿದ್ದಳು.

ಆಗ ಶಾಂತಾ ಎದ್ದಳು. ಸೆರಗಿನೊಳಗೆ ಕೈ ಹಾಕಿ, ಬಂಗಾರದ ಗುಂಡಿನ ಸರವೊಂದನ್ನು ಬಿಚ್ಚಿ ತಾಟಿಗೆ ಇಟ್ಟಳು. “ಅದು ರಸೀದಿ ಅದರಿ ಅಮ್ಮಾ, ಅವಸರದಾಗ ಮೊದಲ ಅದನ್ನ ಇಟ್ಟಾರ. ಮಾಲು ಇಲ್ಲಿ ಅದ ನೋಡ್ರಿ” ಅಂದಳು. ಅಜ್ಜಿ ಸರವನ್ನು ಅಂಗೈಯಲ್ಲಿ ತೂಗಿ, “ಎರಡಕ್ಕ ಕಮ್ಮಿ ಇಲ್ಲ” ಎಂದು ಮುಂದೆ ದಾಟಿಸಿದಳು. ಗೌರಮ್ಮ ಉಸಿರು ಬಿಟ್ಟಿದ್ದು ನಾನು ಕೂತಲ್ಲಿಗೇ ಕೇಳಿಸಿತು.

ಆ ಸರವನ್ನು ನಾನು ಅಂದೇ ಮೊದಲು ನೋಡಿದ್ದು. ಬರುವಾಗ ರೈಲಿನಲ್ಲಿ ಕೇಳಿದೆ. ಎಮ್ಮೆಯ ಹಾಲು ಮಾರಿದ ದುಡ್ಡಿನಲ್ಲಿ, ತವರುಮನೆ ರಾವೂರಿಗೆ ಹೋದಾಗಲೆಲ್ಲ ಚಿತ್ತಾಪುರದ ಪತ್ತಾರನ ಬಳಿ ಒಂದೊಂದು ಗುಂಡು ಕೊಂಡು ಪೋಣಿಸಿದ್ದಳಂತೆ, ಎಷ್ಟೋ ವರ್ಷಗಳಿಂದ. ಇತ್ತೀಚೆಗೆ ಕೊರಳಲ್ಲೇ ಹಾಕಿಕೊಂಡಿದ್ದಳಂತೆ. ಫೋನಿನೊಳಗಿನ ಬಂಗಾರ ನೋಡುತ್ತ ಕೂತ ನನಗೆ ಪಕ್ಕದಲ್ಲೇ ಇದ್ದ ಕೊರಳು ಕಂಡಿರಲಿಲ್ಲ. ನನಗೆ ನಿಜವಾಗಿ ದುಃಖವಾಯಿತು. “ನಂದು ಬರ್ಲಿ ಶಾಂತಾ, ಬಂದ ದಿನಾನೇ ನಿನಗ ಹಂಗೇ ಸರ ಮಾಡಿಸಿ ಕೊಡ್ತೀನಿ. ಎರಡು ತೊಲಿ ನಿಂದೇ ಅಂತ ತಿಳಕೋ” ಅಂದೆ.

ಆಕೆ ಕಿಟಕಿಯಾಚೆ ನೋಡುತ್ತ, “ಅಂದ್ರ ಇವತ್ತಿನಿಂದ ನಂದೂ ಬಂಗಾರ ಅದ. ಕೈಯಾಗ ಮಾತ್ರ ಇಲ್ಲ” ಅಂದಳು.

ನಾನು ಹಲ್ಲುಕಿರಿದೆ. ಆದರೆ ಆಕೆ ತಮಾಷೆಗೆ ಅಂದಿರಲಿಲ್ಲ. ಮೊನ್ನೆ ಬೆಳಿಗ್ಗೆ ಚಹಾದ ಕಪ್ಪು-ಬಸಿ ಹಿಡಿದು ಬಂದು, “ಎಲ್ಲಿತನ ಬಂತ್ರಿ ನನ್ನ ಸರ?” ಎಂದು ಕೇಳಿದಳು. ನಾನು ಲೆಕ್ಕದ ಗಡಿಬಿಡಿಯಲ್ಲಿ ತಲೆ ಎತ್ತದೆ, “ಪರಿಶೀಲನೆಯಲ್ಲಿದೆ” ಅಂದುಬಿಟ್ಟೆ. ಅಂದ ಮೇಲೆಯೇ ನನಗೆ ತಿಳಿದದ್ದು, ನಾನೂ ಒಂದು ಕಂಪನಿ ತೆರೆದಿದ್ದೇನೆ, ಅದರ ಖಜಾನೆಯಲ್ಲಿ ಏನೂ ಇಲ್ಲ. ತಲೆ ಎತ್ತಿದೆ. ನನ್ನ ಏಕೈಕ ಗ್ರಾಹಕಿ ಚಹಾ ತೆಗೆದುಕೊಂಡು ಒಳಗೆ ಹೋಗಿದ್ದಳು.