ಒಂದು ಸೈಟು ಆಚೆ

ಬೇಕರಿ ಯಜಮಾನರಿಗೆ ಬೇಕಾಗಿದ್ದದ್ದು ಒಂದು ದೊಡ್ಡ ಓವನ್, ಅಷ್ಟೇ. (ಇರುವುದೇ ಸಾಕೆಂದು ಹೆಂಡತಿ ಹೇಳಿದ್ದಳು. ಹಾಗಾಗಿ ಅದು ಬೇಕೇ ಬೇಕಾಯಿತು.) ಓವನ್‌ಗೆ ಸಾಲ ಬೇಕು, ಸಾಲಕ್ಕೆ ಪತ್ರ ಬೇಕು. ಬ್ಯಾಂಕಿನವರು ಬನ್ನನ್ನು ಚಪ್ಪರಿಸಿ ತಿಂದು, "ಜಾಗ ನಿಮ್ಮ ಹೆಸರಿಗೆ ರಿಜಿಸ್ಟರ್ ಆಗಿದೆಯಾ?" ಎಂದರು. ಮುಂದೆ ಅಂಗಡಿ, ಹಿಂದೆ ಮನೆ ಮಾಡಿಕೊಂಡು ತಲೆ ನರೆತ ಮನುಷ್ಯನನ್ನು ಕೇಳುವ ಮಾತೇ ಇದು!

"ಅಳತೆ ಮಾಡಿಸಿ ರಿಜಿಸ್ಟರ್ ಮಾಡಿಸೇ ಬಿಡ್ತೀನಿ!"

"ಸುಮ್ನಿರಲಾರದೆ ಇರುವೆ ಬಿಟ್ಕೋಬೇಡಿ," ಎಂದಳು ಹೆಂಡತಿ. "ಈ ಬೀದೀಲಿ ಯಾರದ್ದು ರಿಜಿಸ್ಟರ್ ಆಗಿದೆ? ಎಲ್ಲ ಚೆನ್ನಾಗೇ ಇದ್ದೀವಲ್ಲ?"

"ಥೇಟ್ ನಿಮ್ಮಮ್ಮನ ಮಾತು!" (ಅವಳ ಅಮ್ಮ, ಅಂದರೆ ಅತ್ತೆಯವರು, ಪಕ್ಕದ ಮನೆಯಲ್ಲೇ ಇದ್ದರು. ನಡುವಿನ ಗೋಡೆಯನ್ನು ಯಜಮಾನರು ಆಗಾಗ ಎತ್ತರಿಸುತ್ತ ಬಂದಿದ್ದರು.)

ಕಚೇರಿಯ ಮಹಾಯಾತ್ರೆ ಶುರುವಾಯಿತು. ಸಾಹೇಬರಿಗೆ ಕೇಕು, ಗುಮಾಸ್ತರಿಗೆ ರಸ್ಕು, ಜವಾನನಿಗೆ ಬನ್ನು. ಎಷ್ಟು ತಿಂದರೂ ಫೈಲಿನ ಹಸಿವು ಮಾತ್ರ ಇಂಗಲೊಲ್ಲದು. ಬೇಕರಿಯ ಕಪಾಟು ಖಾಲಿಯಾಗುವ ಹೊತ್ತಿಗೆ ಅಂತೂ ಸರ್ವೆಯವರು ಸರಪಳಿ ಹಿಡಿದು ಬಂದರು. ಬೀದಿಯ ತುದಿಯ ಗಡಿಕಲ್ಲಿನಿಂದ ಅಳೆಯುತ್ತ ಬಂದು, ನಕ್ಷೆ ನೋಡಿ ತಲೆ ಕೆರೆದುಕೊಂಡರು.

"ಮೊದಲನೇ ಮನೆಯವ್ರು ಗಡಿಕಲ್ಲು ದಾಟಿ ಆಚೆಗೆ ಕಟ್ಟಿದ್ದಾರೆ ಸ್ವಾಮಿ. ಮಿಕ್ಕವರು ಅವರ ಗೋಡೆ ನೋಡ್ಕೊಂಡು ಕಟ್ಕೊಂಡ್ರು. ಇಡೀ ಸಾಲು ಒಂದು ಸೈಟು ಆಚೆ ಸರಿದಿದೆ."

"ಅಯ್ಯೋ, ನಂದು ಕೊನೇ ಮನೆ! ನನ್ನ ಜಾಗ ಎಲ್ಲಿ?"

ಸರ್ವೆಯವರು ಗೋಡೆಯಾಚೆ ಬೆರಳು ತೋರಿಸಿದರು. ಅಲ್ಲಿ ಊರಿನ ಮೋರಿ ಗುಳುಗುಳು ಹರಿಯುತ್ತಿತ್ತು. "ಅದಕ್ಕೆ ಪತ್ರ ಸಲೀಸಾಗಿ ಆಗುತ್ತೆ. ಯಾರ ತಕರಾರೂ ಬರಲ್ಲ."

"ಮತ್ತೆ ಈ ಬೇಕರಿ?"

"ಪಕ್ಕದ ಮನೆ ಅಮ್ಮಾವ್ರ ಜಾಗದಲ್ಲಿದೆ."

ಯಜಮಾನರು ಸರ್ವೆಯವರ ಪೆನ್ನು ಹಿಡಿದುಕೊಂಡರು. "ಅದೊಂದನ್ನ ಬರೀಬೇಡಿ ಸಾರ್, ನಿಮ್ಮ ದಮ್ಮಯ್ಯ!"

"ಬರೆದಾಯ್ತಲ್ಲ. ಅರ್ಜಿ ಕೊಟ್ಟವರು ನೀವೇ."

ಸುದ್ದಿ ಬೀದಿಗೆಲ್ಲ ಹಬ್ಬಿತು. ಅತ್ತೆಯವರ ಮನೆ ನಿಂತಿದ್ದದ್ದು ಅದರಾಚೆಯ ಮನೆಯ ದರ್ಜಿಯ ಜಾಗದಲ್ಲಂತೆ. ಅವನೋ ಸಂಜೆಯೊಳಗೆ ಟೇಪು ಹಿಡಿದು ಅವರ ಬಾಗಿಲು ತಟ್ಟಿದ. ಅತ್ತೆಯವರು ಜಗಳಕ್ಕೇ ಹೋಗಲಿಲ್ಲ. ಟ್ರಂಕು ಎತ್ತಿಕೊಂಡು ನೇರ ಬೇಕರಿಗೆ ಬಂದು ಗಲ್ಲಾದ ಹಿಂದಿನ ಕುರ್ಚಿಯಲ್ಲಿ ಕುಳಿತರು.

"ಓವನ್ ಸಾಲಕ್ಕೆ ನಾನೇ ಸಹಿ ಹಾಕ್ತೀನಿ ಕಣೇ," ಎಂದರು ಮಗಳಿಗೆ. ಆಮೇಲೆ ಮೆಟ್ಟಿಲ ಮೇಲೆ ಮರದಂತೆ ನಿಂತಿದ್ದ ಅಳಿಯನ ಕಡೆ ತಿರುಗಿ ಬಹಳ ಪ್ರೀತಿಯಿಂದ ಕರೆದರು.

"ಹೊರಗೇ ಯಾಕೆ ನಿಂತ್ರಿ ಅಳಿಯಂದಿರೇ? ಬನ್ನಿ, ಸಂಕೋಚ ಮಾಡ್ಕೋಬೇಡಿ. ನಿಮ್ಮನೆ ಅಂತಲೇ ತಿಳ್ಕೊಳ್ಳಿ!"